ನಾನು ತಿದ್ದಿದ ಸಹಿ

ನನ್ನ ತಂದೆಯ ಸಹಿಯನ್ನು ಹಾಳುಮಾಡಿದವಳು ನಾನು. ಮರೆವಿನ ಕಾಯಿಲೆ ಅವರಿಂದ ಬಹಳಷ್ಟನ್ನು ಕಿತ್ತುಕೊಂಡಿದೆ — ಅಮ್ಮ ತೀರಿಕೊಂಡದ್ದು, ವಾರಗಳ ಹೆಸರು, ಬಚ್ಚಲುಮನೆ ಯಾವ ಕಡೆಗಿದೆ ಎಂಬುದು. ಸಹಿಯನ್ನು ಮಾತ್ರ ಅದು ಮುಟ್ಟಿರಲಿಲ್ಲ. ಆದರೂ ಬಂಧುಗಳು ವರ್ಷಗಳಿಂದ ನನ್ನನ್ನು ಸಮಾಧಾನಪಡಿಸುತ್ತಾರೆ: "ಪಾಪ, ಆ ಕಾಯಿಲೆಯೇ ಹಾಗೆ, ಸಹಿಯನ್ನೂ ಬಿಡಲಿಲ್ಲ." ಕೇಳಿದಾಗಲೆಲ್ಲ ಮೈ ಉರಿಯುತ್ತದೆ. ಬಾಯಿಲ್ಲದ ಕಾಯಿಲೆಯೆಂದು ನನ್ನ ಅಪರಾಧವನ್ನೂ ಅದರ ತಲೆಗೇ ಕಟ್ಟಬೇಕೇ? ಇನ್ನು ನಾನೋ — ಆ ಸಮಾಧಾನಕ್ಕೆ ಇಷ್ಟು ಕಾಲ ತಲೆಯಾಡಿಸುತ್ತ ಕುಳಿತೆನಲ್ಲ!

ಅಪ್ಪನ ಹೆಸರು ಪದ್ಮನಾಭ. ಉಡುಪಿಯ ಕಡೆಯಿಂದ ವಡೋದರಾಕ್ಕೆ ಬಂದು, ಮಕರಪುರದ ಕಾರ್ಖಾನೆಯೊಂದರ ಉಗ್ರಾಣ ನೋಡಿಕೊಂಡವರು. ಗುಜರಾತಿ ಓದಿದರು, ಬರೆದರು. ಸಹಿಯನ್ನು ಮಾತ್ರ ಕನ್ನಡದಲ್ಲೇ ಹಾಕಿದರು. "ಪದ್ಮನಾಭಭಾಯಿಯ ಜಲೇಬಿ ಬಿತ್ತೇ?" ಎಂದು, ಆ ದುಂಡು ಅಕ್ಷರಗಳನ್ನು ಕಂಡ ಗೇಟಿನವರು ಕೇಳುತ್ತಿದ್ದರಂತೆ. ಜಲೇಬಿ ಬೀಳದೆ ಒಂದು ಲಾರಿಯೂ ಹೊರಗೆ ಹೋಗುತ್ತಿರಲಿಲ್ಲ.

ನಾನು ಶಾಲೆಯಲ್ಲಿ ಹಿಂದಿ ವ್ಯಾಕರಣ ಕಲಿಸಿದವಳು. ಭಾನುವಾರಗಳಂದು ಇಲ್ಲಿನ ಕನ್ನಡದ ಮಕ್ಕಳಿಗೆ ಅಕ್ಷರ ತಿದ್ದಿಸಿದವಳು. ಅಲ್ಪಪ್ರಾಣ, ಮಹಾಪ್ರಾಣಗಳ ವಿಷಯದಲ್ಲಿ ನನ್ನ ಕೆಂಪು ಪೆನ್ನಿನಿಂದ ತಪ್ಪಿಸಿಕೊಂಡವರಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವೊಂದಿತ್ತು.

ಅಪ್ಪನ ಆದಾಯ ತೆರಿಗೆಯ ವಿವರವನ್ನು ನಾನು ಮೊದಲ ಬಾರಿ ಸಲ್ಲಿಸಿದ ವರ್ಷವದು. ಪಿಂಚಣಿ, ಠೇವಣಿಯ ಬಡ್ಡಿ, ಬ್ಯಾಂಕು ಮೊದಲೇ ಹಿಡಿದುಕೊಂಡಿದ್ದ ತೆರಿಗೆ — ಎಲ್ಲವನ್ನೂ ಒಂದೇ ಬೆಳಿಗ್ಗೆ ತುಂಬಿಸಿದೆ. ಕೊನೆಗೆ ತೆರಿಗೆ ಇಲಾಖೆಯ ಜಾಲತಾಣ ಓಟಿಪಿ ಬೇಕೆಂದಿತು. ಅದು ಹೋಗುತ್ತಿದ್ದದ್ದು ಅಪ್ಪ ಎಂದೋ ಕಳೆದುಕೊಂಡಿದ್ದ ಮೊಬೈಲಿನ ನಂಬರಿಗೆ. ನನಗೆ ಕಂಡ ದಾರಿ ಒಂದೇ: ಸ್ವೀಕೃತಿ ಪತ್ರವನ್ನು ಮುದ್ರಿಸಿ, ನೀಲಿ ಶಾಯಿಯಲ್ಲಿ ಸಹಿ ಹಾಕಿಸಿ, ಅಂಚೆಯಲ್ಲಿ ಬೆಂಗಳೂರಿನ ತೆರಿಗೆ ಕೇಂದ್ರಕ್ಕೆ ಕಳುಹಿಸುವುದು. ಬೆಂಗಳೂರೆಂದೊಡನೆ ಅಪ್ಪನ ಮುಖ ಅರಳಿತು. "ಹಾಗಾದ್ರೆ ಈ ಸಲ ಓದುವವರು ಇದ್ದಾರೆ," ಎಂದರು.

ಒಂದೇ ಉಸಿರಿಗೆ ಸಹಿ ಹಾಕಿದರು. ನಾನು ನೋಡಿದೆ: ಪದ್ಮನಾಬ. ಕೊನೆಯ ಅಕ್ಷರದ ಕೆಳಗಿನ ಗೀಟು ಇರಲಿಲ್ಲ.

"ಅಪ್ಪ, ನಿಮ್ಮ ಹೆಸರನ್ನೇ ತಪ್ಪು ಬರೆದಿದ್ದೀರಿ."

"ತಪ್ಪೆಂಥದ್ದು? ನನ್ನ ಸಹಿ ಇದುವೇ ಮಾರಾಯ್ತಿ."

"ಭಕಾರದ ಗೀಟು ಎಲ್ಲಿ?"

"ಗೀಟು ಹೆಸರಿಗೆ. ಸಹಿಗೆ ಯಾಕೆ?"

ಎಷ್ಟು ಸ್ಪಷ್ಟವಾದ ಉತ್ತರ! ನಾನು ಅದರಲ್ಲಿ ಕಾಯಿಲೆಯನ್ನು ಕೇಳಿಸಿಕೊಂಡೆ. ಪ್ಯಾನ್ ಕಾರ್ಡು ಮೇಜಿನ ಮೇಲೆಯೇ ಇತ್ತು. ಅದರಿಂದ ಸಂಖ್ಯೆಯನ್ನು ಎರಡೆರಡು ಬಾರಿ ಸರಿನೋಡಿದ್ದೆ. ಅದೇ ಕಾರ್ಡಿನ ಮೇಲಿದ್ದ ಸಹಿಯನ್ನು ಮಾತ್ರ — ನೋಡಲಿಲ್ಲ. ನನಗೆ ಸರಿ ಯಾವುದೆಂದು ಗೊತ್ತಿತ್ತಲ್ಲ.

ಸೂರತ್ತಿನ ಪಾಂಡೇಸರಾದಲ್ಲಿ ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ಅಕ್ಕ, ಒಂದು ಗೀಟಿಗೆ ಇಷ್ಟು ರಂಪವಾ? ಹಾಗೇ ಕಳಿಸು," ಎಂದು ನಕ್ಕ. "ನೀನು ಶಾಲೆ ಬಿಟ್ಟೆ, ಶಾಲೆ ನಿನ್ನನ್ನು ಬಿಟ್ಟಿಲ್ಲ ನೋಡು." ಬೇಜವಾಬ್ದಾರಿಯವನೆಂದು ಬೈದು ಫೋನಿಟ್ಟೆ. ಪತ್ರವನ್ನು ಹರಿದು ಹಾಕಿ ಹೊಸದನ್ನು ಮುದ್ರಿಸಿದೆ.

ಆಮೇಲೆ ನಾನು ಮಾಡಿದ್ದನ್ನು ಬರೆಯಲು — ಬರೆಯುತ್ತೇನೆ. ಎರಡು ಗೆರೆಯ ಕಾಪಿ ಪುಸ್ತಕ ತಂದೆ. ಮೇಲಿನ ಸಾಲಿನಲ್ಲಿ "ಪದ್ಮನಾಭ" ಎಂದು ಬರೆದು, ಕೆಳಗೆಲ್ಲ ಅದನ್ನೇ ಬರೆಯುವಂತೆ ಎಂಬತ್ತು ವರ್ಷದ ತಂದೆಗೆ ಹೇಳಿದೆ. ಗೀಟು ಬಿಟ್ಟಲ್ಲೆಲ್ಲ ಕೆಂಪು ಸುತ್ತು ಹಾಕಿದೆ. ಮೊದಲ ದಿನ ಪೆನ್ನು ಎಸೆದರು. ಮರುದಿನ, "ಇವತ್ತು ಸಾಕಾ?" ಎಂದು ಅಂಗಲಾಚಿದರು. ಮೂರನೆಯ ದಿನ ಕರೆಯುವ ಮೊದಲೇ ಮೇಜಿಗೆ ಬಂದು ಕುಳಿತರು. ನಾಲ್ಕನೆಯ ದಿನ ಪುಟ ತುಂಬ ಒಂದೂ ತಪ್ಪಿಲ್ಲದೆ ಬರೆದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತರು. "ಆಯ್ತು, ಟೀಚರ್."

ತಮಾಷೆ ಎಂದುಕೊಂಡೆ. ಸಹಿ ಹಾಕಿಸಿ ಕಳುಹಿಸಿದೆ. ಕೆಲವು ದಿನಗಳಲ್ಲಿ ಸ್ವೀಕರಿಸಲಾಗಿದೆಯೆಂಬ ಸಂದೇಶ ಬಂತು. ಆ ಗೀಟನ್ನು ಅಲ್ಲಿ ಯಾರಾದರೂ ಓದಿದರೋ ಇಲ್ಲವೋ, ನನಗೆ ತಿಳಿಯದು.

ಠೇವಣಿ ನವೀಕರಿಸಲು ಚಳಿಗಾಲದಲ್ಲಿ ಬ್ಯಾಂಕಿಗೆ ಹೋದೆವು. ಅಪ್ಪ ಒಂದೊಂದೇ ಅಕ್ಷರ ಕೂಡಿಸಿ ಬರೆದರು. "ಕಾಕಾ, ಸಹೀ ಮಳತೀ ನಥೀ," ಎಂದಳು ಅಲ್ಲಿನ ಹುಡುಗಿ, ಹೊಂದುತ್ತಿಲ್ಲವೆಂದು. ನನಗೆ ತೋರಿಸಲು ಪರದೆಯನ್ನು ತಿರುಗಿಸಿದಳು. ಅಲ್ಲಿತ್ತು ಅಪ್ಪನ ಹಳೆಯ ಸಹಿ, ಒಂದೇ ಉಸಿರಿನದು. ಗೀಟಿರಲಿಲ್ಲ.

"ಅಪ್ಪ, ಮೊದಲಿನ ಹಾಗೆ ಹಾಕಿ," ಎಂದೆ. ನನ್ನ ದನಿ ಒಡೆದಿತ್ತು. ಅವರು ಹೆದರಿ ಗೀಟನ್ನು ಇನ್ನಷ್ಟು ಒತ್ತಿ ಎಳೆದರು. ಮೂರು ಬಾರಿಯೂ ಹಾಗೆಯೇ. ಕೊನೆಗೆ ಆ ಹುಡುಗಿ ಮರುಕದಿಂದ ಶಾಯಿಯ ಡಬ್ಬಿಯನ್ನು ಮುಂದೆ ಸರಿಸಿದಳು. ಮಕರಪುರದ ಲಾರಿಗಳನ್ನು ತಡೆದು ನಿಲ್ಲಿಸುತ್ತಿದ್ದ ಕೈಯ ಹೆಬ್ಬೆರಳನ್ನು ನಾನೇ ಹಿಡಿದು ಅದರಲ್ಲಿ ಅದ್ದಿದೆ.

ಮನೆಗೆ ಬಂದು ನನ್ನ ಶಾಲೆಯ ಅಂಕಪಟ್ಟಿಗಳನ್ನು ತೆಗೆದೆ. ಪಾಲಕರ ಸಹಿ ಎಂಬಲ್ಲಿ, ಪ್ರತಿಯೊಂದರಲ್ಲೂ — ಪದ್ಮನಾಬ. ಊರವರ ತಪ್ಪುಗಳನ್ನೆಲ್ಲ ಎಣಿಸಿದವಳು ಸ್ವಂತ ತಂದೆಯ ಸಹಿಯನ್ನು ಒಮ್ಮೆಯೂ ಓದಿರಲಿಲ್ಲ. ಅವರು ನಿಜ ಹೇಳಿದರು. ಮರೆವಿನವರ ಮಾತೆಂದು ನಾನು ತಳ್ಳಿಹಾಕಿದೆ. ಇದಕ್ಕೆ ಕಾಯಿಲೆ ಎಂದು ಹೆಸರಿಟ್ಟವರು ಇನ್ನು ನನ್ನೆದುರು ಬಾಯಿ ತೆರೆಯದಿರಲಿ.

ಈಗ ಓಟಿಪಿ ನನ್ನ ಫೋನಿಗೇ ಬರುತ್ತದೆ. ತೆರಿಗೆಗೆ ಅಪ್ಪನ ಸಹಿ ಬೇಕಾಗಿಲ್ಲ.

ಆದರೆ ಊಟವಾದ ಮೇಲೆ ಅವರು ಒದ್ದೆ ಬೆರಳಿನಿಂದ ಮೇಜಿನ ಮೇಲೆ ಬರೆಯುತ್ತಾರೆ. ಮೊನ್ನೆ ಪಕ್ಕದಲ್ಲಿ ಕುಳಿತು, "ಅಪ್ಪ, ನೀವು ಮೊದಲು ಹಾಕುತ್ತಿದ್ದುದೇ ಸರಿ. ಗೀಟು ಬೇಡ," ಎಂದೆ.

ಅವರು ಸುತ್ತ ನೋಡಿ, ನನ್ನ ಕಿವಿಯ ಬಳಿ ಬಾಗಿದರು.

"ಬೇಡ ಟೀಚರ್. ಗೀಟು ಇಲ್ಲದಿದ್ರೆ ನನ್ನ ಮಗಳು ಬೈತಾಳೆ."