ಒಂದು ಸೀಯಾಳ ಕಡಿಮೆ ಬಿದ್ದ ಚುನಾವಣೆ

ಬಂದ ಮುಖಂಡರು ಮರಳಲ್ಲಿ ಜಾರಿ ಬೀಳಬಹುದು. ಹಿಂದೆ ಬಂದ ಜನವೆಲ್ಲ ನಮ್ಮ ಬಾವಿಕಟ್ಟೆ ಹತ್ತಿ ಕಟ್ಟೆ ಕುಸಿಯಬಹುದು. ನಾಯಿ ಕಚ್ಚಬಹುದು, ಕಚ್ಚಿದ್ದು ಎದುರು ಪಕ್ಷದ ನಾಯಿ ಎಂದು ಪೇಪರಿನಲ್ಲಿ ಬರಬಹುದು. ಎರಡೂ ಪಕ್ಷದವರು ಒಂದೇ ಹೊತ್ತಿಗೆ ಬಂದು ಅಂಗಳದಲ್ಲಿ ಕೈಕೈ ಮಿಲಾಯಿಸಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ, ನಾನು ಬಾಯಿತಪ್ಪಿ ನಿಜ ಹೇಳಿಬಿಡಬಹುದು. ಎರಡು ಸಾವಿರದ ಇಸವಿಯ ಈಚೆಗಿನ ಒಂದು ಲೋಕಸಭೆ ಚುನಾವಣೆಗೆ ಮುಂಚೆ ನಾನು ನಿದ್ದೆಗೆಟ್ಟು ಯೋಚಿಸಿದ್ದು ಇಷ್ಟು.

ಮರವಂತೆಯಲ್ಲಿ ಕಡಲಿಗೆ ತೀರಾ ಹತ್ತಿರದ ಮನೆ ನಮ್ಮದು. ಅದೇನೂ ನನ್ನ ಸಾಧನೆಯಲ್ಲ. ಮುಂದಿದ್ದ ಮನೆಗಳು ಕಡಲಿಗೆ ಹೋದವು. ಹಾಗಾಗಿ ಕಡಲ್ಕೊರೆತ ನೋಡಲು ಬರುವ ದೊಡ್ಡವರೆಲ್ಲ ನಮ್ಮ ಅಂಗಳ ದಾಟಿಯೇ ಹೋಗಬೇಕು. ರಾಷ್ಟ್ರದ ಪಕ್ಷಗಳು ನಮ್ಮ ಕಡೆ ಎರಡು. ಒಂದು ದೇಶ ಕಟ್ಟುತ್ತದೆ, ಇನ್ನೊಂದು ದೇಶ ಉಳಿಸುತ್ತದೆ; ನಮ್ಮ ಹಿತ್ತಿಲಿಗೊಂದು ಕಲ್ಲಿನ ಗೋಡೆ ಕಟ್ಟಲು ಎರಡಕ್ಕೂ ಪುರುಸೊತ್ತಿಲ್ಲ. ಪ್ರತಿ ಸಲ ಬರುವುದು, ಕಡಲಿಗೆ ಬೆರಳು ತೋರಿಸಿ ಫೋಟೋ ತೆಗೆಸಿಕೊಳ್ಳುವುದು, ನಮ್ಮ ಸೀಯಾಳ ಕುಡಿದು ಹೋಗುವುದು. ಮರಗಳು ಕಡಿಮೆಯಾದವು, ಭರವಸೆ ಕಡಿಮೆಯಾಗಲಿಲ್ಲ. ಆ ವರ್ಷ ಕಡಲಿಗೂ ಬಾವಿಗೂ ನಡುವೆ ಉಳಿದದ್ದು ಒಂದೇ ತೆಂಗಿನಮರ. ಅದರ ನಂತರ ಬಾವಿಯೇ.

"ಈ ಸಲ ಮೊದ್ಲ್ ಗೋಡೆ, ಆಮೇಲೆ ಸೀಯಾಳ. ಮುಖಕ್ಕೇ ಹೇಳ್ತೆ" ಎಂದೆ ಹೆಂಡತಿಗೆ.

"ನೀವಾ? ಹಾಳಾದ ಬಂಗುಡೆ ಮೀನ್ ವಾಪಸ್ ಕೊಡುಕೂ ಧೈರ್ಯ ಇಲ್ಲೆ ನಿಮ್ಗೆ" ಎಂದವಳೇ ಮರ ಹತ್ತುವವನನ್ನು ಕರೆಸಿ ಗೊನೆ ಇಳಿಸಿಟ್ಟಳು.

ಬೆಳಿಗ್ಗೆ ಮೊದಲ ಪಕ್ಷದವರು ಬಂದರು. ನಮ್ಮೂರಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಹೊಳೆ. ಮುಖಂಡರು ಕಾರಿಳಿದು, ಹೊಳೆಯ ಕಡೆ ಮುಖ ಮಾಡಿ ನಿಂತು, "ಕಡಲು ಈಗ ಶಾಂತವಾಗಿದೆಯಲ್ಲ!" ಎಂದು ಸಂತೋಷಪಟ್ಟರು. ಜೊತೆಗಿದ್ದವರು ಅವರನ್ನು ಮೆಲ್ಲಗೆ ತಿರುಗಿಸಿ ನಮ್ಮ ಅಂಗಳಕ್ಕೆ ತಂದರು. "ಅಬ್ಬಾ, ಸೆಕೆ" ಎಂದರು ಮುಖಂಡರು. ಮೊದಲು ಗೋಡೆ ಎನ್ನಲು ಬಾಯಿ ತೆರೆದೆ. ನೋಡಿದರೆ ಕೈಯಲ್ಲಿ ಕತ್ತಿ, ಸೀಯಾಳ ಅರ್ಧ ಕೆತ್ತಿ ಆಗಿದೆ. ಮನೆಗೆ ಬಂದವರು ಸೆಕೆ ಎಂದರೆ ನನ್ನ ಕೈ ನನ್ನನ್ನು ಕೇಳುವುದಿಲ್ಲ.

ಮಧ್ಯಾಹ್ನ ಎರಡನೆಯವರು. ಕರೆತಂದದ್ದು ನನ್ನ ಭಾವ, ಹೆಂಡತಿಯ ಅಣ್ಣ. ಊರಲ್ಲಿ ಆ ಪಕ್ಷವೆಂದರೆ ಅವನೇ. ಈ ಮುಖಂಡರಿಗೆ ಕಡಲಿನ ಗುರುತು ಸಿಕ್ಕಿತು. ದೇಶ ಅಷ್ಟರಮಟ್ಟಿಗೆ ಮುಂದುವರಿದಿತ್ತು. ನಿಂತಲ್ಲೇ ಗೋಡೆ ಕೊಟ್ಟರು, ಬಂದರು ಕೊಟ್ಟರು, ಕೇಳದೆಯೇ ರೈಲು ಕೊಟ್ಟರು. ಆ ಪಕ್ಷಕ್ಕೆ ಕೊಟ್ಟು ಈ ಪಕ್ಷಕ್ಕೆ ಇಲ್ಲವೆನ್ನುವುದು ಹೇಗೆ? ಮತ್ತೆ ಕೆತ್ತಿದೆ. ಎಲ್ಲರಿಗೂ ಸಿಕ್ಕಿತು, ಕೊನೆಯಲ್ಲಿ ನಿಂತಿದ್ದ ಭಾವನನ್ನು ಬಿಟ್ಟು.

"ಹ್ವಾಯ್ ಭಾವ, ನಂಗೆ?" ಎಂದ ಅವನು.

"ಮುಗಿತ್ ಮಾರಾಯ್ರೆ. ಬೆಳಿಗ್ಗೆ ಅವ್ರ್ ಬಂದಿದ್ರಲ್ಲ..."

"ಓಹೋ! ಅವ್ರಿಗ್ ಇತ್ತ್, ನಂಗಿಲ್ಲೆ. ನೀವ್ ಯಾರ್ ಕಡೆ ಅಂತ ಗೊತ್ತಾಯ್ತ್ ಬಿಡಿ."

ನಾನು ಯಾರ ಕಡೆಯೂ ಅಲ್ಲ ಎಂಬುದು ಮತಯಂತ್ರದ ಮುಂದೆ ನಿಂತಾಗ ನನ್ನ ಬೆರಳಿಗೆ ಮಾತ್ರ ಗೊತ್ತಿತ್ತು. ಈ ಗುಂಡಿಗೆ ಹೋಗಿ, ಆ ಗುಂಡಿಗೆ ಹೋಗಿ, ಹೇಸಿ, ಹೆಸರೇ ಕೇಳಿರದ ಪಕ್ಷೇತರನೊಬ್ಬನಿಗೆ ಒತ್ತಿ ಬಂದೆ. ಅವನ ಚಿಹ್ನೆ ಫ್ಯಾನು. ಸೆಕೆಗಾದರೂ ಆದೀತು.

ಗೆದ್ದದ್ದು ಭಾವನ ಪಕ್ಷ. ನಂಬಿದರೆ ನಂಬಿ, ಮಳೆಗೆ ಮುಂಚೆ ಕಲ್ಲಿನ ಲಾರಿಯೂ ಬಂತು! ತೆಂಕಿನಿಂದ ಕಲ್ಲು ಸುರಿಯುತ್ತ ಬಂದವರು ಪಕ್ಕದ ಮನೆಯ ಬೇಲಿಗೆ ನಿಲ್ಲಿಸಿದರು. ಬಿಸಿಲಿಗೆ ಕೊಡೆ ಹಿಡಿದು ಕೆಲಸ ಮಾಡಿಸುತ್ತ ನಿಂತಿದ್ದ ಭಾವನ ಹತ್ತಿರ ಓಡಿದೆ.

"ನಮ್ಮ ಬಾವಿ ಬದಿಗೆ ಎಂತ ಇಲ್ಯಾ ಭಾವ?"

"ಮುಗಿತ್ ಮಾರಾಯ್ರೆ" ಎಂದ.

ಆ ಮಳೆಗಾಲವಿಡೀ ಹೆಂಡತಿ ಬೆಳಿಗ್ಗೆ ಎದ್ದವಳೇ ಬಾವಿಯ ನೀರು ಉಪ್ಪಾಯಿತೇ ಎಂದು ಬಾಯಿಗೆ ಹಾಕಿ ನೋಡುತ್ತಿದ್ದಳು, ಆಮೇಲೆ ನನ್ನನ್ನು ನೋಡುತ್ತಿದ್ದಳು. ಕಟ್ಟೆ ಕುಸಿದಿರಲಿಲ್ಲ, ನಾಯಿ ಕಚ್ಚಿರಲಿಲ್ಲ, ಯಾರೂ ಜಾರಿ ಬಿದ್ದಿರಲಿಲ್ಲ, ನಾನಂತೂ ನಿಜ ಹೇಳಿರಲೇ ಇಲ್ಲ. ಒಂದು ಸೀಯಾಳ ಕಡಿಮೆ ಬಿದ್ದಿತ್ತು, ಅಷ್ಟೆ.