ಪ್ಲಗ್ಗಿನ ಬಣ್ಣ ನೋಡುವ ಫರೀದಾ

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಸತ್ತಾರ್ ಸಾಬರ ಬೈಕ್ ಸಾಮಾನಿನ ಅಂಗಡಿ ಇದೆ. ಇಬ್ಬರು ಗಿರಾಕಿಗಳು ಒಟ್ಟಿಗೆ ಬಂದರೆ ಒಬ್ಬ ಹೊರಗೆ ನಿಲ್ಲಬೇಕಾದಷ್ಟು ಕಿರಿದು. ಬ್ರೇಕ್ ಶೂ, ಕ್ಲಚ್ ವೈರು, ಚೈನು, ಬಲ್ಬು ಎಲ್ಲವೂ ಗೋಡೆಗೆ ತೂಗುಬಿದ್ದಿರುತ್ತವೆ. ಆದರೆ ಸುತ್ತಲ ಹಳ್ಳಿಯವರು ಆ ಅಂಗಡಿಯನ್ನು ಹುಡುಕಿಕೊಂಡು ಬರುತ್ತಿದ್ದದ್ದು ಮುಖ್ಯವಾಗಿ ಸ್ಪಾರ್ಕ್ ಪ್ಲಗ್ಗಿಗೆ. ಸತ್ತಾರ್ ಸಾಬರು ಹಳೆಯ ಪ್ಲಗ್ಗನ್ನು ಕೈಯಲ್ಲಿ ಹಿಡಿದು, ತುದಿಯನ್ನೊಮ್ಮೆ ನೋಡಿ, ಇಂಜಿನ್ನಿನ ಹಣೆಬರಹ ಹೇಳಿಬಿಡುತ್ತಾರೆ ಎಂಬ ಮಾತಿತ್ತು.

ಅವರ ಒಬ್ಬಳೇ ಮಗಳು ಫರೀದಾ. ಪಿಯುಸಿ ಮುಗಿಸಿ ಮದುವೆಯಾಗಿ ಅದೇ ಊರಿನಲ್ಲಿ, ಎರಡು ಬೀದಿ ಆಚೆ ಸಂಸಾರ ಹೂಡಿದ್ದಳು. ಗಂಡ ಜೀಶಾನ್ ಟೊಮೆಟೊ ಲಾರಿ ಓಡಿಸುತ್ತಿದ್ದ; ಅರ್ಧ ವಾರ ಚೆನ್ನೈ ದಾರಿಯಲ್ಲೇ ಕಳೆಯುತ್ತಿತ್ತು. ಮಗಳು ಸಿದ್ರಾ ಒಂದನೇ ತರಗತಿ. ಫರೀದಾ ಮನೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಅಂಗಡಿಗೂ ಅವಳಿಗೂ ಇದ್ದ ಸಂಬಂಧವೆಂದರೆ ಮಧ್ಯಾಹ್ನ ಅಪ್ಪನಿಗೆ ಊಟದ ಡಬ್ಬಿ ಒಯ್ದು ಕೊಡುವುದಷ್ಟೇ.

ಒಂದು ದಿನ ಹಾಗೆ ಡಬ್ಬಿ ಹಿಡಿದು ಹೋದಾಗ, ಗಿರಾಕಿಯೊಬ್ಬ ಹಳೆಯ ಪ್ಲಗ್ಗು ಕೊಟ್ಟು ಕಾಯುತ್ತಿದ್ದ. ಸತ್ತಾರ್ ಸಾಬರು ಅದನ್ನು ಮೂಗಿನ ಹತ್ತಿರ ಹಿಡಿದರು. ಬಾಗಿಲ ಕಡೆಗೆ ತಿರುಗಿಸಿದರು. ಬೆರಳಿನಿಂದ ಸವರಿದರು. ತುಂಬಾ ಹೊತ್ತಾದ ಮೇಲೆ, "ಇವತ್ತು ಬೆಳಕು ಸಾಲ್ದು ಕಣಪ್ಪ" ಎಂದರು. ಹೊರಗೆ ಕಣ್ಣು ಕುಕ್ಕುವ ಬಿಸಿಲಿತ್ತು.

ಫರೀದಾಳಿಗೆ ತಟ್ಟನೆ ಹೊಳೆಯಿತು. ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ. ಎಷ್ಟು ದಿನದಿಂದಲೋ ಮುಚ್ಚಿಟ್ಟುಕೊಂಡಿದ್ದಾರೆ. ಗಿರಾಕಿಯ ಮುಂದೆ ಅದನ್ನು ಬಾಯಿಬಿಟ್ಟು ಹೇಳುವುದು ಬೇಡವೆನಿಸಿತು. ಡಬ್ಬಿ ಕೆಳಗಿಟ್ಟು, ಅಪ್ಪನ ಕೈಯಿಂದ ಪ್ಲಗ್ಗು ತೆಗೆದುಕೊಂಡು, ಮನೆಯ ಉರ್ದುವಿನಲ್ಲಿ ಮೆಲ್ಲಗೆ, "ಅಬ್ಬಾ, ತುದಿ ಕಪ್ಪಗಿದೆ" ಎಂದಳು.

ಸತ್ತಾರ್ ಸಾಬರು ಅವಳ ಕಡೆ ತಲೆ ಬಾಗಿಸಿದರು. ಆಮೇಲೆ ಅದೇ ಮೆಲುದನಿಯಲ್ಲಿ ಕೇಳಿದರು: "ಕಪ್ಪು ಒದ್ದೆಯಾಗಿದೆಯೋ, ಒಣಗಿದೆಯೋ?"

"ಒದ್ದೆ. ಮಿರಮಿರ ಮಿಂಚ್ತಿದೆ."

ಅವರು ಗಿರಾಕಿಯ ಕಡೆ ತಿರುಗಿ, "ಇಂಜಿನ್ ಆಯಿಲ್ ಮೇಲಕ್ಕೆ ಬರ್ತಿದೆ. ಪ್ಲಗ್ಗು ಕೊಡ್ತೀನಿ, ಆದ್ರೆ ಪಿಸ್ಟನ್ ರಿಂಗ್ ಸವೆದಿದೆ, ಮೆಕ್ಯಾನಿಕ್‌ಗೆ ತೋರಿಸು" ಎಂದರು. ಅವನು ತಲೆಯಾಡಿಸಿ ಹೋದ. ಮಾರನೆಯ ದಿನ ಸಿದ್ರಾಳನ್ನು ಶಾಲೆಗೆ ಬಿಟ್ಟವಳೇ ಫರೀದಾ ನೇರ ಅಂಗಡಿಗೆ ಬಂದಳು.

ಕೋಲಾರದ ಕಣ್ಣಿನ ಡಾಕ್ಟರು ಎರಡು ಕಣ್ಣಿಗೂ ಪೊರೆ ಬಂದಿದೆ ಎಂದರು. ಸಕ್ಕರೆ ಕಾಯಿಲೆ ಹಿಡಿತಕ್ಕೆ ಬರುವ ತನಕ ಆಪರೇಷನ್ ಬೇಡವೆಂದರು. ಸತ್ತಾರ್ ಸಾಬರಿಗೆ ಕತ್ತರಿಯ ಹೆದರಿಕೆಯೂ ಇತ್ತು. ಇವತ್ತು ನಾಳೆ ಎನ್ನುತ್ತಾ ಮೂರು ವರ್ಷ ಕಳೆದರು. ಆ ಮೂರು ವರ್ಷವೂ ಫರೀದಾ ಅವರ ಪಕ್ಕದಲ್ಲಿ ಸ್ಟೂಲು ಹಾಕಿ ಕೂತಳು. ಅವಳು ಬಣ್ಣ ಹೇಳುವಳು, ಅವರು ಅರ್ಥ ಹೇಳುವರು. ತುದಿ ಹುರಿದ ರಾಗಿ ಹಿಟ್ಟಿನ ಬಣ್ಣಕ್ಕಿದ್ದರೆ ಇಂಜಿನ್ ಸುಖವಾಗಿದೆ, ಅದೇ ನಂಬರಿನ ಹೊಸ ಪ್ಲಗ್ಗು ಕೊಡಬಹುದು. ಬೂದಿಯ ಹಾಗೆ ಬೆಳ್ಳಗಾಗಿ ಮೂಲೆ ಕರಗಿದ್ದರೆ ಕಾವು ಹೆಚ್ಚಾಗಿದೆ. ಪಾತ್ರೆಯ ತಳದ ಮಸಿಯ ಹಾಗೆ ಒಣಗಿ ಕಪ್ಪಾಗಿದ್ದರೆ ಪೆಟ್ರೋಲು ಪೂರ್ತಿ ಉರಿಯುತ್ತಿಲ್ಲ. ಕೆಲವು ಪ್ಲಗ್ಗು ಕಾವನ್ನು ಹಿಡಿದಿಟ್ಟುಕೊಳ್ಳುತ್ತವೆ, ಕೆಲವು ಬೇಗ ಬಿಟ್ಟುಕೊಡುತ್ತವೆ; ಯಾವ ಗಾಡಿಗೆ ಯಾವುದು ಎನ್ನುವುದು ಡಬ್ಬಿಯ ಮೇಲಿನ ಒಂದು ಅಂಕಿಯಲ್ಲಿ ಅಡಗಿರುತ್ತದೆ.

"ಯಜಮಾನ್ರು ಮಾತಾಡ್ಲಿ, ನೀವು ಸುಮ್ನಿರಿ" ಎನ್ನುವವರು ಮೊದಮೊದಲು ಬಹಳ ಮಂದಿ ಇದ್ದರು. ಫರೀದಾ ಸುಮ್ಮನಾಗುತ್ತಿದ್ದಳು. ಆದರೆ ವರ್ಷ ಕಳೆಯುವಷ್ಟರಲ್ಲಿ ಅಪ್ಪ ಹೇಳುವ ಮೊದಲೇ ಅವಳ ಕೈ ಸರಿಯಾದ ಡಬ್ಬಿಯ ಮೇಲೆ ಇರುತ್ತಿತ್ತು. ಸ್ವಲ್ಪ ಜಂಬವೂ ಬಂದಿತ್ತು ಎನ್ನಬೇಕು.

ಆ ಜಂಬಕ್ಕೆ ಒಂದು ಸಂತೆಯ ದಿನ ಪೆಟ್ಟು ಬಿತ್ತು. ತಾಯಲೂರು ಕಡೆಯ ರೈತ ಕೋದಂಡರಾಮಪ್ಪ ಬಂದು ತಮ್ಮ ಹಳೆಯ ಬೈಕಿಗೆ ಪ್ಲಗ್ಗು ಕೇಳಿದರು. ಹಳೆಯದನ್ನು ತಂದಿರಲಿಲ್ಲ, ಗಾಡಿಯ ಹೆಸರಷ್ಟೇ ಹೇಳಿದರು. ಅಂಗಡಿ ತುಂಬಾ ಜನ. ಫರೀದಾ ಒಂದು ಡಬ್ಬಿ ತೆಗೆದುಕೊಟ್ಟಳು.

"ಥ್ರೆಡ್ಡಿನ ಕಾಲಿನ ಉದ್ದ ಆ ಗಾಡಿಯ ಲೆಕ್ಕಕ್ಕಿದೆಯಾ, ಅಳೆದೆಯಾ?" ಅಪ್ಪ ಕೇಳಿದರು.

"ಅಳೆದೆ" ಎಂದಳು. ಅಳೆದಿರಲಿಲ್ಲ.

ಎರಡು ದಿನದ ಮೇಲೆ ಸುದ್ದಿ ಬಂತು. ಪ್ಲಗ್ಗು ಸಲೀಸಾಗಿ ತಿರುಗಿ ಕೂತಿತ್ತು, ಆದರೆ ಅದರ ಕಾಲು ಆ ಇಂಜಿನ್ನಿಗೆ ಅರ್ಧ ಬೆರಳಿನಗಲದಷ್ಟು ಜಾಸ್ತಿ ಉದ್ದ. ಕಿಕ್ ಹೊಡೆದ ಕೂಡಲೇ ಒಳಗಿನ ಪಿಸ್ಟನ್ನು ಮೇಲೆ ಬಂದು ಅದಕ್ಕೆ ಬಡಿದು, ಇಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತ್ತು.

ಸತ್ತಾರ್ ಸಾಬರು ಬೈಯಲಿಲ್ಲ. "ಅಳೆದಿರಲಿಲ್ಲ, ಅಲ್ವಾ?" ಎಂದರು.

"ಇಲ್ಲ ಅಬ್ಬಾ."

"ಹಾಗಾದ್ರೆ ನೀನೇ ಹೋಗಿ ಹೇಳ್ಬೇಕು."

ಫರೀದಾ ತಾಯಲೂರು ಬಸ್ಸು ಹತ್ತಿದಳು. ಅಲ್ಲಿಂದ ಒಂದು ಮೈಲಿ ನಡೆದು ಮನೆ ಕೇಳಿಕೊಂಡು ಹೋದಾಗ ಕೋದಂಡರಾಮಪ್ಪ ತಲೆಯ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ತೋಟದಿಂದ ಬರುತ್ತಿದ್ದರು. ಬೈಕು ಜಗಲಿಯ ಪಕ್ಕದಲ್ಲಿ ಒರಗಿತ್ತು. ಅವಳನ್ನು ಕಂಡು ಅವರ ಮುಖ ಗಂಟಾಯಿತು.

"ಏಮ್ಮಾ, ಏನ್ ನೋಡೋಕ್ ಬಂದೆ? ಎರಡ್ ದಿನದಿಂದ ಸೊಪ್ಪು ತಲೆ ಮೇಲೆ ಹೊರ್ತಾ ಇದೀನಿ. ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದು, ಪೊರೆ ಕಳಚಿ ಕೂತೈತೆ. ಅದಕ್ಕೆ ಹಸಿವು ತಡೆಯೋಕಾಗ್ತದಾ?"

"ತಪ್ಪು ನಂದೇ ಅಣ್ಣ" ಎಂದಳು ಫರೀದಾ. "ಅಳೀದೇನೇ ಅಳೆದೆ ಅಂತ ನಮ್ಮ ಅಬ್ಬಾಗೆ ಸುಳ್ಳು ಹೇಳ್ದೆ. ಮೆಕ್ಯಾನಿಕ್ ಸಾಯಂಕಾಲದೊಳಗೆ ಬರ್ತಾರೆ, ಸಾಮಾನೆಲ್ಲ ನಮ್ಮ ಅಂಗಡೀದೇ. ತಪ್ಪನ್ನ ಫೋನಲ್ಲಿ ಹೇಳೋಕೆ ಮನಸ್ಸು ಬರ್ಲಿಲ್ಲ."

ಕೋದಂಡರಾಮಪ್ಪ ಹೊರೆ ಇಳಿಸಿ ಅವಳ ಮುಖವನ್ನೇ ನೋಡಿದರು. ಒಂದು ತೆಕ್ಕೆ ಸೊಪ್ಪು ಎತ್ತಿಕೊಂಡು ಹುಳುವಿನ ಮನೆಯೊಳಕ್ಕೆ ಹೋದರು. ಹೋಗುವುದೋ ನಿಲ್ಲುವುದೋ ತಿಳಿಯದೆ ಫರೀದಾ ಒಂದು ಕ್ಷಣ ನಿಂತಳು. ಆಮೇಲೆ ಬುರ್ಖಾದ ತೋಳು ಮೇಲಕ್ಕೆ ಮಡಚಿ, ಉಳಿದ ಸೊಪ್ಪನ್ನು ಬಾಚಿಕೊಂಡು ಅವರ ಹಿಂದೆಯೇ ಹೋದಳು. ಇಬ್ಬರೂ ತಟ್ಟೆಯಿಂದ ತಟ್ಟೆಗೆ ಸೊಪ್ಪು ಹರಡಿದರು. ಹುಳುಗಳು ಎಲೆ ಕಡಿಯುವ ಸರಸರ ಸದ್ದು ತುಂಬಿಕೊಂಡಿತು. ಅವರ ಹೆಂಡತಿ ಶ್ಯಾಮಲಮ್ಮ ಬಾಗಿಲಲ್ಲಿ ನಿಂತು, "ಆಯಮ್ಮನ್ನ ಕೆಲಸಕ್ಕೆ ಹಚ್ಚಿದ್ಯಲ್ಲ, ಮೊದ್ಲು ಮಜ್ಜಿಗೆ ಕುಡೀಲಿ ಬಿಡು" ಎಂದಾಗ ಕೋದಂಡರಾಮಪ್ಪನವರ ಮುಖದ ಗಂಟು ಸಡಿಲವಾಯಿತು. "ಅಷ್ಟು ದೂರದಿಂದ ತಪ್ಪು ಒಪ್ಕೊಳ್ಳೋಕೆ ಬಂದವರನ್ನ ನಾನ್ ನೋಡಿಲ್ಲ. ಕೂತ್ಕೊ" ಎಂದರು.

ಅಂದಿನಿಂದ ಹಳೆಯ ಪ್ಲಗ್ಗು ಕೈಗೆ ಬಾರದೆ ಹೊಸದನ್ನು ಕೊಡುವುದನ್ನು ಫರೀದಾ ಬಿಟ್ಟಳು. ಎರಡನ್ನೂ ಜೋಡಿಯಾಗಿ ನಿಲ್ಲಿಸಿ, ಉಕ್ಕಿನ ಅಳತೆಪಟ್ಟಿ ಹಿಡಿದು, ಗಿರಾಕಿಗೂ ತೋರಿಸಿ ಕೊಡುವಳು. ಗೊಣಗಿಕೊಂಡು ಬೇರೆ ಅಂಗಡಿಗೆ ಹೋದವರು ಇದ್ದರು. ಅವರಲ್ಲಿ ಎಷ್ಟೋ ಮಂದಿ ತಿರುಗಿ ಬಂದರು.

ಮೂರನೆಯ ವರ್ಷ ಸಕ್ಕರೆ ಇಳಿಯಿತು. ಅಪ್ಪನನ್ನು ಒಪ್ಪಿಸಿ, ಜೀಶಾನನ ಜೊತೆ ಕೋಲಾರಕ್ಕೆ ಕರೆದೊಯ್ದು, ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು ಕಣ್ಣು ಆಪರೇಷನ್ ಮಾಡಿಸಿದಳು. ಪಟ್ಟಿ ಬಿಚ್ಚಿದಾಗ ಸತ್ತಾರ್ ಸಾಬರು ಮೊದಲು ನೋಡಿದ್ದು ಮಗಳನ್ನು. "ನಿನ್ನ ತಲೇಲಿ ಬಿಳಿ ಕೂದಲು ಬಂದಿದೆಯಲ್ಲ" ಎಂದರು. ಫರೀದಾ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

ಅವರು ಅಂಗಡಿಗೆ ಮರಳಿ ಕುರ್ಚಿಯಲ್ಲಿ ಕೂತ ದಿನ ಗಲ್ಲಿಯವರೆಲ್ಲ ಬಂದು ಮಾತಾಡಿಸಿದರು. ಗಿರಾಕಿಗಳು ಪ್ಲಗ್ಗನ್ನು ನೇರ ಅವರ ಕೈಗೇ ಕೊಟ್ಟರು. ಫರೀದಾ ಗೋಡೆಯ ಪಕ್ಕ ನಿಂತು ಕೇಳಿದ ಡಬ್ಬಿ ತೆಗೆದುಕೊಟ್ಟಳು. ಅಪ್ಪನಿಗೆ ಕಣ್ಣು ಬಂದದ್ದು ಅವಳಿಗೆ ನಿಜವಾಗಿಯೂ ಸಂತೋಷ. ಆದರೆ ಆ ವಾರ ಮನೆಯಲ್ಲಿ ಧೂಳು ಹಿಡಿದಿದ್ದ ಹೊಲಿಗೆ ಮಿಷನ್ನನ್ನು ಒರೆಸುವಾಗ ಕೈ ಏಕೋ ಮುಂದೆ ಓಡಲಿಲ್ಲ.

ಆಗ ಬಂದವನು ವೆಂಕಟ್. ನರಸಾಪುರದ ಕಾರ್ಖಾನೆಯಲ್ಲಿ ಕೆಲಸ. ಹಳ್ಳಿಯಿಂದ ಬೆಳಿಗ್ಗೆ ಬೈಕಿನಲ್ಲಿ ಮುಳಬಾಗಿಲು ಬೈಪಾಸಿಗೆ ಬಂದರೆ ಅಲ್ಲಿ ಕಂಪನಿ ಬಸ್ಸು ಸಿಗುತ್ತದೆ. ಬಸ್ಸು ಯಾರಿಗೂ ಕಾಯುವುದಿಲ್ಲ. ಎರಡು ತಿಂಗಳಲ್ಲಿ ನಾಲ್ಕು ಸಲ ಅವನ ಬೈಕು ದಾರಿಯಲ್ಲಿ ನಿಂತಿತ್ತು, ನಾಲ್ಕು ಸಲವೂ ಬಸ್ಸು ಹೋಗಿತ್ತು. "ಇನ್ನೊಂದ್ಸಲ ಲೇಟಾದ್ರೆ ಬರಬೇಡ ಅಂದಿದಾರೆ ಸಾಬ್ರೇ. ಬೇರೆ ಕಡೆ ಮೂರು ಪ್ಲಗ್ಗು ಚೇಂಜ್ ಮಾಡಿಸ್ದೆ. ನೀವೇ ಒಂದು ಒಳ್ಳೇದು ಕೊಡಿ" ಎಂದ.

ಸತ್ತಾರ್ ಸಾಬರು ಪ್ಲಗ್ಗನ್ನು ಬೆಳಕಿಗೆ ಹಿಡಿದರು. "ಮಸಿ ಕಟ್ಟಿದೆ. ಇನ್ನೂ ಜಾಸ್ತಿ ಕಾವು ಹಿಡಿಯೋ ಪ್ಲಗ್ಗು ಹಾಕಿದ್ರೆ ಮಸಿ ತಾನೇ ಸುಟ್ಟು ಹೋಗ್ತದೆ" ಎಂದರು. ಹಿಂದಿನ ಕಾಲದ ಗಾಡಿಗಳಿಗೆ ಅವರು ಎಷ್ಟೋ ಸಲ ಮಾಡಿದ್ದ ಮದ್ದು ಅದು.

ಫರೀದಾ ಕೈ ಚಾಚಿ ಪ್ಲಗ್ಗು ತೆಗೆದುಕೊಂಡಳು. ಬೆರಳಿನಲ್ಲಿ ಸವರಿದಳು. ಒಣ ಮಸಿ, ಜಿಡ್ಡಿಲ್ಲ. "ದಿನಾ ಯಾವ ರೋಡಲ್ಲಿ ಬರ್ತೀಯಪ್ಪ?" ಎಂದು ಕೇಳಿದಳು.

"ತಾಯಲೂರು ರೋಡಕ್ಕಾ. ರಸ್ತೆ ಅಗಲ ಮಾಡ್ತಾವ್ರೆ. ಮೂರ್ ತಿಂಗಳಿಂದ ಬರೀ ಧೂಳು."

"ಅಬ್ಬಾ, ಇದರಲ್ಲಿ ಪ್ಲಗ್ಗಿನ ತಪ್ಪಿಲ್ಲ ಅನ್ಸುತ್ತೆ" ಎಂದಳು.

ಗಿರಾಕಿಯ ಮುಂದೆ ಅಪ್ಪನ ಮಾತಿಗೆ ಅವಳು ಎದುರಾಡಿದ್ದು ಅದೇ ಮೊದಲು. ಸತ್ತಾರ್ ಸಾಬರು ಕನ್ನಡಕ ತೆಗೆದು ಅವಳನ್ನು ನೋಡಿದರು. ಬೇಜಾರೋ ಏನೋ ತಿಳಿಯಲಿಲ್ಲ. "ಯಾಕೆ? ಹೇಳು" ಎಂದರು.

"ಮೂರು ಪ್ಲಗ್ಗೂ ಹೀಗೇ ಆಗಿವೆ ಅಂದ್ರೆ ಧೂಳು ಏರ್ ಫಿಲ್ಟರಿಗೆ ಕಟ್ಕೊಂಡು ಇಂಜಿನ್ನಿಗೆ ಗಾಳಿ ಸಾಲ್ತಿಲ್ಲ. ಕಾವು ಹಿಡಿಯೋ ಪ್ಲಗ್ಗು ಹಾಕಿದ್ರೆ ಒಂದು ವಾರ ಓಡ್ತದೆ. ಆಮೇಲೆ ಯಾವತ್ತೋ ಫಿಲ್ಟರ್ ಕ್ಲೀನ್ ಮಾಡಿಸಿ, ಹೈವೇ ಮೇಲೆ ಜೋರಾಗಿ ಹೊಡೀತಾನೆ. ಆಗ ತುದಿ ಸುಡುತ್ತೆ, ಪಿಸ್ಟನ್ನಿಗೂ ಕುತ್ತು."

ಸತ್ತಾರ್ ಸಾಬರು ಅವಳ ಕೈಯ ಪ್ಲಗ್ಗನ್ನು ಮತ್ತೊಮ್ಮೆ ನೋಡಿದರು. "ಬಿಚ್ಚು, ನೋಡೇ ಬಿಡೋಣ" ಎಂದರು.

ಫರೀದಾ ಸ್ಕ್ರೂಡ್ರೈವರ್ ಹಿಡಿದು ಗಲ್ಲಿಗಿಳಿದಳು. ಬೈಕಿನ ಪಕ್ಕದ ಮುಚ್ಚಳ ಬಿಚ್ಚಿ ಏರ್ ಫಿಲ್ಟರನ್ನು ಎಳೆದು ನೆಲಕ್ಕೆ ಕುಟ್ಟಿದಳು. ಒಂದು ಬೊಗಸೆ ಕೆಂಪು ಮಣ್ಣು ಉದುರಿತು. ವೆಂಕಟ್ ಬಾಯಿ ಬಿಟ್ಟುಕೊಂಡು ನೋಡಿದ. ಅವಳು ಹೊಸ ಫಿಲ್ಟರ್ ಹಾಕಿದಳು. ಅದೇ ಪ್ಲಗ್ಗನ್ನು ಪೆಟ್ರೋಲಿನಲ್ಲಿ ತೊಳೆದು, ತಂತಿ ಬ್ರಷ್ಷಿನಲ್ಲಿ ಉಜ್ಜಿ, ತುದಿಯ ಗ್ಯಾಪು ಸರಿಮಾಡಿ ಕೂರಿಸಿದಳು. ಮೊದಲನೇ ಕಿಕ್ಕಿಗೇ ಗಾಡಿ ಶುರುವಾಗಿ ಒಂದೇ ಸಮನೆ ಓಡಿತು.

"ಹೊಸ ಪ್ಲಗ್ಗು ಬೇಡ್ವಾ ಅಕ್ಕಾ?"

"ಇದಕ್ಕೇನಾಗಿದೆ? ರೋಡು ಮುಗಿಯೋವರೆಗೂ ಹದಿನೈದು ದಿನಕ್ಕೊಮ್ಮೆ ಫಿಲ್ಟರ್ ಕುಟ್ಟಿ ಹಾಕು. ಅಷ್ಟೇ."

ಅವಳು ಕೈ ಒರೆಸಿಕೊಂಡು ಒಳಗೆ ಬಂದಾಗ ಸತ್ತಾರ್ ಸಾಬರು ಕುರ್ಚಿಯಿಂದ ಎದ್ದಿದ್ದರು. ಗಿರಾಕಿಗಳು ಕೂರುವ ಬೆಂಚಿನ ಮೇಲೆ, ಬೆನ್ನು ಗೋಡೆಗೆ ಕೊಟ್ಟು ಕೂತಿದ್ದರು.

"ಅಲ್ಲಿ ಯಾಕೆ ಕೂತ್ರಿ ಅಬ್ಬಾ?"

"ಇಲ್ಲಿ ಗಾಳಿ ಚೆನ್ನಾಗಿದೆ. ನೀನು ಕುರ್ಚಿ ಮೇಲೆ ಕೂತ್ಕೋ" ಎಂದರು. ಅವರ ಮುಖದಲ್ಲಿ ಬೇಜಾರಿರಲಿಲ್ಲ. ಆಮೇಲೆ ಬಂದ ಗಿರಾಕಿ ಪ್ಲಗ್ಗನ್ನು ಅವರತ್ತ ಚಾಚಿದಾಗ, ಅವರು ಗದ್ದ ಎತ್ತಿ ಮಗಳ ಕಡೆ ತೋರಿಸಿದರು.

ವೆಂಕಟ್ ಹದಿನೈದು ದಿನ ಬಿಟ್ಟು ಫೋನು ಮಾಡಿದ. ಒಂದು ದಿನವೂ ಬಸ್ಸು ತಪ್ಪಿರಲಿಲ್ಲ. ಅವನ ಶಿಫ್ಟಿನ ಇನ್ನಿಬ್ಬರು ಭಾನುವಾರ ಬರುತ್ತಾರಂತೆ. ಅವರಲ್ಲಿ ಒಬ್ಬಳು ಸ್ಕೂಟಿ ಓಡಿಸುವ ಹುಡುಗಿ, ಹೆಂಗಸು ನಡೆಸುವ ಅಂಗಡಿ ಎಂದು ಕೇಳಿ ಬಹಳ ಖುಷಿಪಟ್ಟಳಂತೆ.

ಕೋಲಾರದ ಹೋಲ್‌ಸೇಲ್ ಅಂಗಡಿಯಿಂದ ಮಾಲು ಆರಿಸಿ ತರುವ ಕೆಲಸವನ್ನು ಸತ್ತಾರ್ ಸಾಬರು ಕಣ್ಣು ಮಂಜಾಗಿದ್ದಾಗಲೂ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ಕಳೆದ ಸೋಮವಾರ, "ಈ ಸಲ ನೀನು ಹೋಗಿ ಬಾ. ಏನ್ ತರ್ಬೇಕು ಅಂತ ನಾನು ಹೇಳಲ್ಲ" ಎಂದು ಚೀಲ ಕೈಗಿಟ್ಟರು. ಫರೀದಾ ಕೋಲಾರದಲ್ಲಿ ಎರಡು ಗಂಟೆ ನಿಂತು ಡಬ್ಬಿ ಡಬ್ಬಿಯನ್ನೂ ತೆರೆದು ನೋಡಿ ಆರಿಸಿದಳು. ವಾಪಸ್ಸು ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ, ಭಾರದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ ಅಪ್ಪನ ಫೋನು ಬಂತು.

"ಎಲ್ಲಿದೀಯಮ್ಮಾ? ಶ್ರೀನಿವಾಸಪುರದಿಂದ ಒಬ್ರು ಬಂದಿದಾರೆ. ನಾನು ನೋಡ್ತೀನಿ ಅಂದ್ರೂ ಪ್ಲಗ್ಗು ಕೊಡ್ತಿಲ್ಲ, ನಿಮ್ಮ ಮಗಳೇ ನೋಡ್ಲಿ ಅಂತಾರೆ." ಅಪ್ಪನ ದನಿಯಲ್ಲಿ ನಗು ತಡೆದುಕೊಂಡದ್ದು ಅವಳಿಗೆ ಕೇಳಿಸಿತು.

"ಬಸ್ಸು ವಡ್ಡಹಳ್ಳಿ ದಾಟ್ತು ಅಬ್ಬಾ" ಎಂದಳು ಫರೀದಾ. "ಅವರಿಗೆ ಟೀ ಕುಡಿಸ್ತಿರಿ. ಈಗ ಬಂದೆ."