ಹಕಾರವಿಲ್ಲದ ಹೊಗೆ

ನನ್ನ ಅಕ್ಕನ ಮನೆ ಬಿಳಿಕೆರೆಯಲ್ಲಿ, ಹೆದ್ದಾರಿಯಿಂದ ಒಂದು ಕೂಗಳತೆ ಒಳಗೆ. ಅಡುಗೆಮನೆಯ ಹಿಂದೆ ಮೊದಲು ರಾಗಿ ಹೊಲವಿತ್ತು. ಈಗ ಅಲ್ಲಿ ದೊಡ್ಡದೊಂದು ತಗಡಿನ ಶೆಡ್ಡು ಎದ್ದಿದೆ. ಜನ ಮೊಬೈಲಿನಲ್ಲಿ ಬೆರಳಾಡಿಸಿ ತರಿಸಿಕೊಳ್ಳುವ ಚಪ್ಪಲಿ, ಬಾಚಣಿಗೆ, ಮಿಕ್ಸಿ ಜಾರುಗಳೆಲ್ಲ ಮೈಸೂರಿನಿಂದ ಲಾರಿಯಲ್ಲಿ ಬಂದು ಇಲ್ಲಿ ಇಳಿಯುತ್ತವೆ; ಇಲ್ಲಿಂದ ಸಣ್ಣ ವ್ಯಾನುಗಳೇರಿ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಎಂದು ಚದುರುತ್ತವೆ. ಶೆಡ್ಡಿನ ಮುಂಭಾಗದಲ್ಲಿ ಹಸಿರು ಎಲೆಯ ಚಿತ್ರ. ಅದರ ಕೆಳಗೆ ‘ಭೂಮಿತಾಯಿಗೆ ಭಾರವಾಗದ ವ್ಯಾಪಾರ’ ಎಂಬ ಘೋಷಣೆ. ಹಿಂಭಾಗದಲ್ಲಿ, ಅಕ್ಕನ ಅಡುಗೆಮನೆ ಕಿಟಕಿಗೆ ನೇರವಾಗಿ, ಭೂಮಿತಾಯಿಗೆ ಭಾರವಾಗದ ಡೀಸೆಲ್ ಜನರೇಟರೊಂದರ ಹೊಗೆ ಕೊಳವೆ.

ಅಕ್ಕನಿಗೆ ಉಬ್ಬಸ. ಸೌದೆ ಒಲೆಯ ಹೊಗೆ ಆಗದೆಂದು ಗ್ಯಾಸಿನ ಒಲೆಗೆ ಬಂದವಳು ಅವಳು. ಆ ಒಲೆಯ ಎದುರಿಗೇ ಈಗ ಕಿಟಕಿಯಿಂದ ಹೊಗೆ ಬಂದು ನಿಲ್ಲುತ್ತಿತ್ತು. ನಮ್ಮ ಕಡೆ ಕರೆಂಟು ಬರುವುದಕ್ಕೆ ಹೊತ್ತುಗೊತ್ತಿಲ್ಲದಿದ್ದರೂ ಹೋಗುವುದರಲ್ಲಿ ಬಹಳ ಶಿಸ್ತುಂಟು. ಅದು ಹೋದೊಡನೆ ಜನರೇಟರ್ ಗುಡುಗುತ್ತಿತ್ತು. ಅಕ್ಕ ಒಲೆ ಆರಿಸಿ, ಎದೆ ಹಿಡಿದುಕೊಂಡು ಮುಂಬಾಗಿಲಿಗೆ ಬಂದು ಕೂರುತ್ತಿದ್ದಳು. ‘ಆ ಹೊಗೆಯಾದರೂ ಹೋಗಬೇಕು, ಇಲ್ಲ ನೀವಾದರೂ ಆ ಮನೆಯಿಂದ ಹೋಗಬೇಕು’ ಎಂದು ಹುಣಸೂರಿನ ಡಾಕ್ಟರು ಖಂಡಿತವಾಗಿ ಹೇಳಿದ್ದರು. ಅಕ್ಕ ಹೋಗುವ ಪೈಕಿಯಲ್ಲ. ಆದ್ದರಿಂದ ಹೊಗೆಯನ್ನು ಕಳಿಸುವ ಘನಕಾರ್ಯ, ನಿವೃತ್ತ ಕನ್ನಡ ಮೇಷ್ಟರಾದ ನನ್ನ ಹೆಗಲೇರಿತು.

ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಅರ್ಜಿ ಬರೆದುಕೊಂಡು ಶೆಡ್ಡಿಗೆ ಹೋದೆ. ಕೊರಳಿಗೆ ಪಟ್ಟಿ ಹಾಕಿಕೊಂಡ ಸೂಪರ್‌ವೈಸರು ಅರ್ಜಿಯನ್ನು, ಯಾರೋ ಸತ್ತ ಇಲಿಯನ್ನು ನೀಡಿದರೋ ಎಂಬಂತೆ ನೋಡಿದರು.

“ಸರ್, ನಾವು ಪೇಪರ್ ಮುಟ್ಟೋದಿಲ್ಲ. ಮರ ಉಳಿಸಬೇಕಲ್ಲ? ಎಲ್ಲಾ ಆಪ್‌ನಲ್ಲೇ.”

ಅವರ ಬೆನ್ನ ಹಿಂದೆ, ರಟ್ಟಿನ ಪೆಟ್ಟಿಗೆಗಳನ್ನು ಸೂರು ಮುಟ್ಟುವಂತೆ ಪೇರಿಸಿದ್ದರು. ಹರಿದವುಗಳನ್ನು ಅಂಗಳದ ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಸಮೇತ ಸುಡುತ್ತಿದ್ದರು.

“ಅಲ್ಲಪ್ಪಾ, ಹೊಗೆ ಇಲ್ಲೇ ಕಾಣುತ್ತಿದೆಯಲ್ಲ?”

“ಕಾಣುತ್ತೆ ಸರ್. ಆದರೆ ಸಿಸ್ಟಮ್‌ಗೆ ಕಾಣಬೇಕಲ್ಲ?”

ಸಿಸ್ಟಮ್ ಎಂಬ ಈ ಮಹಾಪ್ರಭು ಎಲ್ಲಿ ವಾಸಿಸುತ್ತಾನೆ ಎಂದು ವಿಚಾರಿಸಿದೆ. ಎಲ್ಲೋ ದೂರದ ಊರಿನಲ್ಲಿ, ಹಗಲಿರುಳೂ ಏಸಿ ಓಡುವ ಕಟ್ಟಡದಲ್ಲಂತೆ. ಅವನ ಸೆಕೆ ಆರಿಸಲು ಇನ್ನೆಲ್ಲಿ ಎಷ್ಟು ಕಲ್ಲಿದ್ದಲು ಉರಿಯುತ್ತದೋ, ಅದನ್ನು ಮಾತ್ರ ಅವರು ಹೇಳಲಿಲ್ಲ. ಬದಲಿಗೆ, ಪ್ರತಿ ಆರ್ಡರಿಗೂ ಕಂಪನಿ ಒಂದೊಂದು ಸಸಿ ನೆಡುತ್ತದೆಂದು ಸಮಾಧಾನ ಹೇಳಿ, ಹಿಂದೊಮ್ಮೆ ಸೊಸೆ ಅಕ್ಕನ ಹೆಸರಿನಲ್ಲಿ ಬಾಚಣಿಗೆ ತರಿಸಿದ್ದಕ್ಕೆ ನೆಟ್ಟ ಸಸಿಯನ್ನು ನಕ್ಷೆಯಲ್ಲೇ ತೋರಿಸಿದರು. ಹಸಿರು ಚುಕ್ಕೆಯೊಂದು ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಕಬಿನಿ ಹಿನ್ನೀರಿನ ನಟ್ಟನಡುವೆ ಮಿನುಗುತ್ತಿತ್ತು. ಅದಕ್ಕೆ ನೀರಿನ ಕೊರತೆ ಬರಲಾರದು ಎಂದು ಹೇಳಿ ಬಂದೆ.

ಇನ್ನು ಆಪ್. ಹಳ್ಳಿಯ ಜನಕ್ಕೆ ಬರೆಯಲು ಬಾರದೆಂದು ಕರುಣೆಯಿಂದ ತೀರ್ಮಾನಿಸಿ, ದೂರನ್ನು ಬಾಯಲ್ಲಿ ಹೇಳಬೇಕೆಂದೇ ಕಂಪನಿ ಗೊತ್ತುಮಾಡಿತ್ತು. ಅಕ್ಕ ಸೊಸೆಯ ಫೋನನ್ನು ಬಾಯಿಗೆ ಹಿಡಿದು, ಊರಿಗೇ ಕೇಳುವಂತೆ ಹೇಳಿದಳು: “ನಿಮ್ ಸೆಡ್ಡಿಂದ ಒಗೆ ಬತ್ತಾ ಐತೆ. ನಮ್ಗೆ ಒಗೆ ಬ್ಯಾಡ. ಒಗೆ ನಿಲ್ಸಿ.”

ಅರೆಗಳಿಗೆಯಲ್ಲಿ ಉತ್ತರ ಬಂತು. ‘ಬಟ್ಟೆ ಒಗೆಯುವ ವಿಷಯದಲ್ಲಿ ತಾವು ತೋರಿದ ಆಸಕ್ತಿಗೆ ಕೃತಜ್ಞತೆಗಳು.’ ಅದರ ಹಿಂದೆಯೇ ವಾಷಿಂಗ್ ಮೆಷಿನ್ನುಗಳ ಮೆರವಣಿಗೆ.

“ಏನಂತೋ ಮೇಷ್ಟ್ರೇ?” ಅಂದಳು ಅಕ್ಕ. ನಾನು ಮೇಷ್ಟರಾದ ದಿನದಿಂದ ಅವಳು ನನ್ನನ್ನು ಕರೆಯುವುದೇ ಹಾಗೆ, ಗೌರವಕ್ಕಲ್ಲ.

“ನಿನ್ನ ಬಟ್ಟೆ ಒಗೆಯುತ್ತಾರಂತೆ.”

“ಮೊದ್ಲು ಅವ್ರ ಮೊಕ ತೊಳ್ಕಳಕ್ಕೇಳು.”

ನಾನೇ ಹೇಳಿ ನೋಡಿದೆ. ವ್ಯಾಕರಣ ಶುದ್ಧವಾಗಿ, ‘ಹೊಗೆ’ ಎಂದು. ದೂರುದಾರರ ದನಿ ಹೊಂದುತ್ತಿಲ್ಲ ಎಂದು ಯಂತ್ರ ನನ್ನನ್ನು ಬಾಗಿಲಾಚೆಗೆ ದಬ್ಬಿತು. ಮೊದಲು ಮಾತಾಡಿದವರೇ ಮಾತಾಡಬೇಕಂತೆ.

ಹಾಗಾಗಿ ಅಕ್ಕನಿಗೆ ಪಾಠ ಶುರುವಾಯಿತು. ಹಕಾರಕ್ಕೆ ನಾಲಿಗೆ ಬೇಡ, ತುಟಿ ಬೇಡ, ಬರೀ ಉಸಿರು ಸಾಕು ಎಂದು ಜೀವಮಾನವೆಲ್ಲ ತರಗತಿಯಲ್ಲಿ ಹೇಳಿಕೊಂಡು ಬಂದವನು ನಾನು. ಅಕ್ಕನ ಎದುರು ಕೂತು ಅದನ್ನೇ ಹೇಳಿದೆ. “ಹೊ. ಹೊಗೆ. ಎದೆಯಿಂದ ಗಾಳಿ ಬಿಡು.”

“ವೊಗೆ.”

“ವೊ ಅಲ್ಲ ಅಕ್ಕ, ಹೊ.”

“ಹ್… ಹ್…” ಎಂದವಳಿಗೆ ಕೆಮ್ಮು ಹತ್ತಿತು. ಕಣ್ಣಲ್ಲಿ ನೀರು ಬಂತು, ಮುಖ ಕಪ್ಪಿಟ್ಟಿತು. ಸೊಸೆ ಓಡಿ ಬಂದು ಬೆನ್ನು ನೀವಿದಳು. ಸುಧಾರಿಸಿಕೊಂಡ ಮೇಲೆ ಅಕ್ಕ ನನ್ನತ್ತ ತಿರುಗಿ, “ಅಷ್ಟು ಉಸ್ರಿದ್ದಿದ್ರೆ ಈ ಪೋನ್ಯಾಕ್ಲಾ ಇಡ್ಕತಿದ್ದೆ? ನಾನೇ ಓಗಿ ಅವ್ನ ಕೊಳ್ಪಟ್ಟಿ ಇಡೀತಿದ್ದೆ” ಎಂದಳು.

ಒಂದು ಅಕ್ಷರಕ್ಕಾಗಿ ಅವಳನ್ನು ಉಸಿರುಗಟ್ಟಿಸಿದ ನನ್ನ ಪಾಂಡಿತ್ಯವನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಎರಡು ದಿನಕ್ಕೆ ಅಕ್ಕನಿಗೊಂದು ಪಾರ್ಸಲ್ ಬಂತು. ಒಗೆಯುವ ಆಸಕ್ತಿಯನ್ನು ಮೆಚ್ಚಿ ಕಂಪನಿ ಸೋಪಿನ ಪುಡಿ ಕಳಿಸಿತ್ತು, ಪುಕ್ಕಟೆ. ಅಂಗೈಯಗಲದ ಪೊಟ್ಟಣ, ಅದಕ್ಕೊಂದು ಪ್ಲಾಸ್ಟಿಕ್ ಚೀಲ, ಅದರ ಸುತ್ತ ಗಾಳಿ ತುಂಬಿದ ಗುಳ್ಳೆ ಹಾಳೆ, ಕರುವನ್ನು ಮಲಗಿಸಬಹುದಾದಂಥ ರಟ್ಟಿನ ಪೆಟ್ಟಿಗೆ. ಈ ಪರಿವಾರ ಗೋಡೆಯಾಚೆಯ ಶೆಡ್ಡಿಗೆ ಬಂದು ಇಳಿದಿತ್ತಂತೆ. ಆದರೆ ಅಕ್ಕನ ವಿಳಾಸ ಹುಣಸೂರು ತಾಲ್ಲೂಕಿನದು. ಆದ್ದರಿಂದ ಅದು ಹುಣಸೂರಿನವರೆಗೆ ವ್ಯಾನಿನಲ್ಲಿ ಪ್ರಯಾಣ ಮಾಡಿ, ಅಲ್ಲಿ ತನ್ನ ಹಾಜರಿ ಹಾಕಿಸಿಕೊಂಡು, ಅದೇ ದಾರಿಯಲ್ಲಿ ಹಿಂದಿರುಗಿ ಬಂದಿತ್ತು. ಗೋಡೆಯ ಮೇಲಿಂದ ಎಸೆದಿದ್ದರೆ ಅಕ್ಕನ ಬಾಣಲೆಗೇ ಬೀಳುತ್ತಿತ್ತು.

ವ್ಯಾನಿನ ಡ್ರೈವರು ಕಂಪಲಾಪುರದ ನಡುವಯಸ್ಸಿನ ಆಸಾಮಿ. ಎಂಜಿನ್ ಆರಿಸದೆ ಇಳಿದು ಬಂದ.

“ಅವ್ವೋ, ಸೋಪಿನ್ ಪುಡಿ ಬಂದೈತೆ, ಪೋನಿಗ್ ಬಂದಿರೋ ನಂಬರ್ ಏಳಿ.”

“ನಾನೆಲ್ಲಪ್ಪ ಪುಡಿ ಕೇಳ್ದೆ? ಒಗೆ ನಿಲ್ಸಿ ಅಂದೆ ಕಣಪ್ಪ, ಒಗೆ!”

“ಒಗೆನಾ?” ಅವನಿಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. “ಜನರೇಟ್ರುದಾ?”

“ಅದೂ ಸೈ, ಇದೂ ಸೈ,” ಎಂದು ಅಕ್ಕ ಬಾಗಿಲಲ್ಲಿ ಬುಸುಗುಡುತ್ತಿದ್ದ ವ್ಯಾನನ್ನು ತೋರಿಸಿದಳು. ಅವನು ನಾಲಿಗೆ ಕಚ್ಚಿಕೊಂಡು ಹೋಗಿ ಎಂಜಿನ್ ಆರಿಸಿದ.

ಕೋಟಿಗಟ್ಟಲೆ ಪದಗಳನ್ನು ನುಂಗಿದೆಯೆಂದು ಹೇಳುವ ಯಂತ್ರಕ್ಕೆ ತಿಳಿಯದ್ದು ಅವನಿಗೆ ತಿಳಿದದ್ದರಲ್ಲಿ ಸೋಜಿಗವೇನಿಲ್ಲ. ಅವನೂ ‘ಒಗೆ’ ಎನ್ನುವವನೇ. ಅವನ ಮನೆಯಲ್ಲಿ ಹೊಗೆಸೊಪ್ಪು ಬೇಯಿಸುವ ಗೂಡು, ಬ್ಯಾರನ್ ಇತ್ತು. ಹಿತ್ತಲಿಗೆ ಹೋಗಿ ಕಿಟಕಿಯ ಬಳಿ ನಿಂತು ಆ ಕೊಳವೆಯನ್ನು ನೋಡಿದ. “ಯಾವ್ನವ್ವ ಇದ್ನ ಇಕ್ಕಿದ್ದು? ಬ್ಯಾರನ್‌ಗೆ ಯಾರಾರ ಇಂಗೆ ಅಡ್ಡಡ್ಡ ಪೈಪು ಬುಟ್ಟಾರ? ಸೂರಿಂದ ಮ್ಯಾಲಕ್ಕೆ ಓಗ್ಬೇಕು” ಎಂದ. ಅವನ ಮನೆಯಲ್ಲಿ ಹಳೆಯ ತಗಡಿನ ಕೊಳವೆಗಳು ಬಿದ್ದಿದ್ದವಂತೆ. ಮರುದಿನ ಪಾರ್ಸಲ್‌ಗಳ ನಡುವೆ ಅವನ್ನು ಹಾಕಿಕೊಂಡು ಬಂದ. ಸೂಪರ್‌ವೈಸರು ಕಂಪ್ಯೂಟರಿನ ಮುಂದಿದ್ದಾಗ ಜನರೇಟರಿನವನನ್ನು ಒಪ್ಪಿಸಿ, ಇಬ್ಬರೂ ಸೇರಿ ಕೊಳವೆಗೆ ಕೊಳವೆ ಕೂಡಿಸಿ ತಂತಿ ಬಿಗಿದು ಶೆಡ್ಡಿನ ನೆತ್ತಿಗೇರಿಸಿದರು. ಸಿಸ್ಟಮ್‌ಗೆ ಇಂದಿಗೂ ಸುದ್ದಿ ಮುಟ್ಟಿಲ್ಲ.

ಆ ವಾರದಲ್ಲಿ ಅಕ್ಕ ಕಿಟಕಿ ತೆರೆದಿಟ್ಟೇ ಮುದ್ದೆ ತಿರುವಿದಳು. ನಡುನಡುವೆ ಕೂರಲಿಲ್ಲ. ವಾರದ ಕೊನೆಗೆ ಒಂದು ಮಧ್ಯಾಹ್ನ ನಾನು ಉಂಡು ಕೈ ತೊಳೆದು ಬರುವಷ್ಟರಲ್ಲಿ ಕರೆಂಟು ಹೋಯಿತು, ಜನರೇಟರ್ ಗುಡುಗಿತು. ಅಕ್ಕ ಹಿತ್ತಲಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದಳು. ಕರಿಯ ಹೊಗೆ ಶೆಡ್ಡನ್ನು ದಾಟಿ, ಗಾಳಿಗೆ ಬಾಗಿ, ಕೆರೆಯ ಕಡೆಯ ಮನೆಗಳತ್ತ ಇಳಿಯುತ್ತಿತ್ತು.

“ಅತ್ಲಾಗೆ ಓಯ್ತಾ ಐತಲ್ಲೋ.”

“ನಿನಗೆ ತಪ್ಪಿತಲ್ಲ, ಬಿಡು” ಎಂದೆ. ಆಡಿದ ಮೇಲೆ, ಅದು ಸೂಪರ್‌ವೈಸರ ಬಾಯಿಂದ ಬಂದ ಮಾತಿನಂತೆ ನನ್ನ ಕಿವಿಗೇ ಕೇಳಿಸಿತು.

“ತಪ್ಪೋದು ಅಂದ್ರೆ ಇದೇನ್ಲಾ? ಬಾ.”

ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟಳು. ವರ್ಷದಿಂದ ಬೀದಿಯ ತುದಿಗೂ ನಡೆದು ಹೋದವಳಲ್ಲ. ದಾರಿಯಲ್ಲಿ ಎರಡು ಸಲ ನಿಂತಳು. ಒಂದು ಸಲ ಗೋಡೆ ಹಿಡಿದು. ಕೆರೆ ಕಡೆಯ ಮೊದಲ ಮನೆಯ ಮುಂದೆ ಎಳೆಗೂಸಿನ ಬಟ್ಟೆ ಹರವುತ್ತಿದ್ದ ಹೆಂಗಸನ್ನು ಕೇಳಿದಳು: “ಒಗೆ ಬತ್ತದೇನವ್ವ ಈ ಕಡೀಕೆ?”

“ಈ ವಾರ್ದಿಂದ ಬತ್ತಾ ಐತೆ ಕಣಕ್ಕ. ಎಲ್ಲಿಂದ ಅಂತ ಗೊತ್ತಾಗ್ನಿಲ್ಲ.”

“ನಂಗೊತ್ತು,” ಎಂದಳು ಅಕ್ಕ, ಜಗಲಿಯ ಮೇಲೆ ಕೂತು ಉಸಿರೆಳೆದುಕೊಳ್ಳುತ್ತ. “ಮಗೀನ ಎತ್ಕ ಬಾ. ಜನರೇಟ್ರು ಮನೆ ಇಲ್ದಿರೋ ರೋಡ್ ಕಡೀಕೆ ಓಗಗಂಟ ಸೆಡ್ಡಿನ್ ಬಾಗ್ಲಲ್ಲೇ ಕೂರಾನ. ವ್ಯಾನು ಎಂಗೆ ಈಚೀಕ್ ಬತ್ತವೆ ನೋಡಾನ.”